ಒಂದೇ ಬಾಗಿಲಿನ ಸಭಾಂಗಣ

“ಅವತ್ತು ಹೆಂಗ ಹಾಕಿದ್ರೋ ಹಂಗ ಹಾಕಿ ತೋರಸ್ರಿ” ಎಂದಳು ಸುಮಲತಾ.

ಜಂಬವ್ವ ಎದ್ದು ಹೋಗಿ ಸಭಾಂಗಣದ ಬಾಗಿಲನ್ನು ಎಳೆದಳು. ಬಾಗಿಲಿನ ಅಡಿ ನೆಲಕ್ಕೆ ಉಜ್ಜಿ ಕಿರುಗುಟ್ಟಿತು. ಒಳಗಿನ ಕಬ್ಬಿಣದ ಚಿಲಕವನ್ನು ಕೊಂಡಿಗೆ ಸೇರಿಸಿದಳು. ಬೀಗ ಹಾಕಿ ಕೀಲಿ ತಿರುವಿದಂತೆ ಎರಡು ಬೆರಳನ್ನು ಗಾಳಿಯಲ್ಲಿ ತಿರುವಿ, ಆ ಇಲ್ಲದ ಕೀಲಿಯನ್ನು ಸೊಂಟದ ಎಲೆಯಡಿಕೆ ಚೀಲಕ್ಕೆ ಸೇರಿಸಿ, ಚೀಲದ ದಾರ ಎಳೆದು ನಿಂತಳು. ನಿಜವಾದ ಬೀಗ ಮೇಜಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿತ್ತು. ದೂರಿನ ಜೊತೆ ಅದನ್ನೂ ಒಪ್ಪಿಸಿದ್ದರು.

ಬಾಗಿಲು ಮುಚ್ಚುತ್ತಲೇ ಕೋಣೆಯ ಬೆಳಕು ಅರ್ಧಕ್ಕಿಳಿಯಿತು. ಎರಡು ಕಿಟಕಿ. ಎರಡಕ್ಕೂ ಸರಳು, ಸರಳಿನಾಚೆ ಗಂಡಸರ ಮುಖಗಳು. ಸುಮಲತಾ ಹಿಂದಿನ ಗೋಡೆಯನ್ನು ನೋಡಿದಳು, ಪಕ್ಕದ ಗೋಡೆಯನ್ನು ನೋಡಿದಳು. ಮತ್ತೆ ಹಿಂದಿನ ಗೋಡೆಯನ್ನೇ ನೋಡಿದಳು.

“ಇನ್ನೊಂದು ಬಾಗ್ಲ ಎಲ್ಲೈತಿ?”

“ಇನ್ನೊಂದು ಇಲ್ಲ ಮೇಡಂ. ಇರೋದು ಇದೊಂದ” ಎಂದ ಈಶ್ವರ್. ಅವನು ಪಂಚಾಯತಿಯ ಅಭಿವೃದ್ಧಿ ಅಧಿಕಾರಿ. ಇವತ್ತು ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸ ಅವನದು.

“ತೆಗೀರಿ” ಎಂದಳು ಸುಮಲತಾ. ಧ್ವನಿ ಸ್ವಲ್ಪ ಗಟ್ಟಿಯಾಗಿಯೇ ಬಂತು.

ಕೆಂಚನಕಟ್ಟಿ ಗ್ರಾಮ ಪಂಚಾಯತಿಯ ಅಧ್ಯಕ್ಷೆ ಜಂಬವ್ವನ ಮೇಲೆ ದುರ್ನಡತೆಯ ದೂರು ಬಂದು ತಿಂಗಳಾಗಿತ್ತು. ಸಾಮಾನ್ಯ ಸಭೆಯ ದಿನ ಸದಸ್ಯೆಯರನ್ನು ಒಳಗೆ ಕೂಡಿಹಾಕಿ ಬೀಗ ಜಡಿದರು, ವಯಸ್ಸಾದ ಸದಸ್ಯೆಯೊಬ್ಬರು ತಲೆ ತಿರುಗಿ ಬಿದ್ದು ಹಣೆಗೆ ಮೂರು ಹೊಲಿಗೆ ಹಾಕಬೇಕಾಯಿತು, ಆದ್ದರಿಂದ ಅಧ್ಯಕ್ಷರನ್ನು ಸ್ಥಾನದಿಂದ ತೆಗೆಯಬೇಕು, ಆ ದಿನದ ಠರಾವನ್ನು ರದ್ದು ಮಾಡಬೇಕು ಎಂದು ಅದರಲ್ಲಿತ್ತು. ಅರ್ಜಿಯ ಕೆಳಗೆ ಐವರು ಸದಸ್ಯೆಯರ ಸಹಿ ಇತ್ತು. ಅರ್ಜಿ ಬರೆದ ಕೈ ಮಾತ್ರ ಗಾದಿಲಿಂಗನದು. ಸದಸ್ಯೆ ಗಂಗೋತ್ರಿಯ ಗಂಡನಾದ ಅವನಿಗೆ ನಾಲ್ಕು ಅದಿರು ಲಾರಿಗಳಿದ್ದವು.

ಹೊಸಪೇಟೆಯ ತಾಲ್ಲೂಕು ಪಂಚಾಯತಿ ಕಚೇರಿಯಲ್ಲಿ ಸಾಹೇಬರು ವಿಚಾರಣೆಯ ಫೈಲನ್ನು ಸುಮಲತಾಳ ಕಡೆ ಸರಿಸಿದ್ದರು. “ಹೆಣ್ಮಕ್ಕಳ ವಿಷಯ ಮೇಡಂ, ನೀವು ಹೋಗಿ ಬಂದ್ರ ಛಲೋ. ಹೆಂಗೂ ಅವ್ರಿಗೆಲ್ಲ ತರಬೇತಿ ಕೊಟ್ಟೋರು ನೀವ. ರಿಟೈರ್ ಆಗಾಕ ಏಳು ತಿಂಗಳು ಉಳದೈತಿ ನಿಮ್ದು. ಜಾಸ್ತಿ ಎಳಿಯಾಕ ಹೋಗಬ್ಯಾಡ್ರಿ, ಎರಡು ಪುಟದಾಗ ಮುಗಿಸ್ರಿ.”

ಅವರಿಗೆಲ್ಲ ತರಬೇತಿ ಕೊಟ್ಟವಳು ಅವಳೇ. ಮೂರು ವರ್ಷದ ಹಿಂದೆ ಗಂಡಂದಿರು ಹೆಂಡತಿಯರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊಸಪೇಟೆಯ ಹಾಲ್‌ಗೆ ಬಂದಿದ್ದರು. ಬಂದವರು ಬಿಟ್ಟು ಹೋಗಲಿಲ್ಲ, ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಹೆಸರು ಕೇಳಿದರೆ ಗಂಡ ಹೇಳುತ್ತಿದ್ದ, ವಾರ್ಡು ಕೇಳಿದರೆ ಗಂಡ ಹೇಳುತ್ತಿದ್ದ. ಎಲ್ಲರನ್ನೂ ಹೊರಗೆ ಕಳಿಸಿ ಚಿಲಕ ಹಾಕಿದರೆ ಯಾರೋ ಸಂದಿಯಲ್ಲಿ ಕಡ್ಡಿ ತೂರಿಸಿ ಚಿಲಕ ಸರಿಸಿದ. ಮರುದಿನ ಸುಮಲತಾ ಕಚೇರಿಯ ದುಡ್ಡಿನಲ್ಲಿ ಬಜಾರಿನಿಂದ ಒಂದು ಹಿತ್ತಾಳೆ ಬೀಗ ತಂದಳು. ಎಲ್ಲರ ಎದುರು ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ, ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿ, “ಇವತ್ತು ಕೀಲಿ ನನ್ನ ಕಡೆ. ನಿಮ್ಮ ಊರಾಗ, ನಿಮ್ಮ ಸಭಾದಾಗ, ಕೀಲಿ ನಿಮ್ಮ ಕಡೆ ಇರಬೇಕು” ಎಂದಳು. ಇಡೀ ಹಾಲ್ ನಕ್ಕಿತು. ಬಾಯಿಗೆ ಸೆರಗು ಅಡ್ಡ ಹಿಡಿಯದೆ ನಕ್ಕ ನಗೆ ಅದು.

ಅಂಥ ನಗೆ ಕೇಳಬೇಕೆಂದೇ ಅವಳು ಆ ಹಾಲ್‌ನಲ್ಲಿ ಹದಿನಾಲ್ಕು ವರ್ಷ ಕಳೆದಿದ್ದಳು. ಅವಳಿಗೆ ಈ ಕೆಲಸ ಸಿಕ್ಕಿದ್ದೂ ಗಂಡನ ಹೆಸರಿನಲ್ಲಿ. ಮದುವೆಯಾದ ಎರಡನೆಯ ವರ್ಷ ಯಲ್ಲೇಶ್ ಜ್ವರ ಬಂದು ತೀರಿಕೊಂಡಾಗ ಅನುಕಂಪದ ಮೇಲೆ ಅವನ ಕುರ್ಚಿಯನ್ನು ಅವಳಿಗೆ ಕೊಟ್ಟಿದ್ದರು. ಬಹಳ ವರ್ಷ ಕಚೇರಿಯಲ್ಲಿ ಅವಳನ್ನು ಯಲ್ಲೇಶನ ಹೆಂಡತಿ ಎಂದೇ ಕರೆದರು. ಹೆಸರು ಹಿಡಿದು ಕರೆಯುವ ಹೊತ್ತಿಗೆ ತಲೆ ಅರ್ಧ ನೆರೆತಿತ್ತು. ಪಟೇಲ್ ನಗರದ ಮಹಡಿ ಮನೆಯಲ್ಲಿ ಅವಳೊಬ್ಬಳೇ. ಪ್ರತಿ ತರಬೇತಿಯ ಕೊನೆಯ ದಿನ ಹೆಂಗಸರು ಕೈ ಹಿಡಿದು, ಫೋನ್ ಮಾಡ್ತೀವ್ರಿ ಮೇಡಂ ಎನ್ನುತ್ತಿದ್ದರು. ಯಾರೂ ಮಾಡುತ್ತಿರಲಿಲ್ಲ. ಜಂಬವ್ವ ಒಬ್ಬಳು ಒಮ್ಮೆ ಮಾಡಿದ್ದಳು, ಬೆಳಗಿನ ಆರು ಗಂಟೆಗೆ. “ಮೇಡಂ, ಅಧ್ಯಕ್ಷಿ ಆಗೀನ್ರಿ. ಹೊಲಕ್ಕ ಹೊಂಟಿದ್ನಿ, ನಿಮಗ ಹೇಳಿ ಹೋಗಾನು ಅಂತ ಮಾಡಿದ್ನಿ.” ಅವತ್ತಿಡೀ ದಿನ ಸುಮಲತಾ ಆ ಮಾತನ್ನು ಜೊತೆಗಿಟ್ಟುಕೊಂಡು ಓಡಾಡಿದ್ದಳು.

ಈಗ ಈ ಕೋಣೆಯಲ್ಲಿ ನಿಂತು ಅವಳಿಗೆ ಹೊಳೆದದ್ದು ಬೇರೆ. ಹೊಸಪೇಟೆಯ ಹಾಲ್‌ಗೆ ಎರಡು ಬಾಗಿಲು. ಮುಂದಿನದಕ್ಕೆ ಬೀಗ ಹಾಕಿದಾಗಲೂ, ಗಂಡಂದಿರ ಕಣ್ಣಿಗೆ ಬೀಳದ ಅಡುಗೆಮನೆಯ ಕಡೆಯ ಬಾಗಿಲು ತೆರೆದೇ ಇರುತ್ತಿತ್ತು. ಚಹಾ ಅಲ್ಲಿಂದಲೇ ಬರುತ್ತಿತ್ತು, ಮಗುವಿಗೆ ಹಾಲೂಡಿಸಲು ಹೋಗುವವರು ಅಲ್ಲಿಂದಲೇ ಹೋಗುತ್ತಿದ್ದರು. ಅದನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕೆಂದು ತೋಚಿಯೇ ಇರಲಿಲ್ಲ.

ಮೊದಲು ಒಳಗೆ ಬಂದವಳು ಭರಮಮ್ಮ, ಅವತ್ತು ಬಿದ್ದು ಹಣೆ ಒಡೆದುಕೊಂಡವಳು. ಅರವತ್ತೈದು ದಾಟಿದ ಅವಳ ಹುಬ್ಬಿನ ಮೇಲೆ ಹೊಲಿಗೆಯ ಕಲೆ ಇನ್ನೂ ನೇರಳೆಯಾಗಿತ್ತು.

“ಬಿದ್ದಿದ್ದು ಖರೇ ಯಮ್ಮಾ. ಸಕ್ರಿ ಕಾಯಿಲಿ ನಂದು. ಮುಂಜಾನಿ ಗುಳಿಗಿ ನುಂಗಿದ್ನಿ, ರೊಟ್ಟಿ ತಿನ್ನೋದು ಮರ್ತಿದ್ನಿ. ಬಾಗ್ಲ ತೆರದಿದ್ರೂ ಬೀಳ್ತಿದ್ನಿ. ಹೊರಗ ಹೋಗಿ ಬೀಳ್ತಿದ್ನಿ, ಅಷ್ಟ.”

“ಬಾಗ್ಲ ತೆಗಿಯಾಕ ಎಷ್ಟೊತ್ತು ಆತು?”

“ನನಗೇನು ಗೊತ್ತು, ನಾ ನೆಲದ ಮ್ಯಾಲ ಇದ್ನಿ. ಪಾಪ, ಜಂಬವ್ವನ ಕೈ ನಡುಗಿ ಚೀಲದ ದಾರ ಗಂಟು ಬಿದ್ದಿತ್ತಂತ. ಹೊರಗಿನವ್ರು ಬಾಗ್ಲ ಬಡಿಯೋದು ಬ್ಯಾರೆ. ಕಿಟಕಿಯಾಗಿಂದ ಒಬ್ಬ ಮೊಬೈಲ್‌ನಾಗ ಹಿಡ್ಯಾಕತ್ತಿದ್ದ. ಬಿದ್ದಾಕಿನ್ನ ಎತ್ತಂದ್ರ, ಫೋಟೋ ಹೊಡಿತೈತಿ ಮೂಳ.”

“ಮತ್ತ ದೂರಿಗೆ ನೀವೂ ಸಹಿ ಹಾಕೀರಿ?”

ಭರಮಮ್ಮ ಸುಮಲತಾಳನ್ನು ಏನೂ ತಿಳಿಯದ ಮಗುವನ್ನು ನೋಡುವಂತೆ ನೋಡಿದಳು. “ಮಗ ಹಾಕಂದ, ಹಾಕಿದ್ನಿ. ಅವನ ಮನ್ಯಾಗ ಅಲ್ಲೇನವ್ವ ನಾ ಉಣ್ಣೋದು?”

ಈಶ್ವರ್ ಪೆನ್ನು ತಡೆದು ಕೇಳಿದ, “ಇದನ್ನ ಹೆಂಗ ಬರೀಲಿ ಮೇಡಂ?”

“ಹೇಳಿದಂಗ ಬರಿ. ನೀನೂ ಅವತ್ತು ಒಳಗ ಇದ್ದೆಲ್ಲ, ನಿನಗ ಹೆದರಿಕಿ ಆಗಲಿಲ್ಲೇನು?”

“ನನ್ನ ಹೆಂಡ್ತಿ ಹೊರಗ ನಿಂತಿರಲಿಲ್ರಿ. ನನಗ್ಯಾಕ ಹೆದರಿಕಿ?” ಎಂದ ಈಶ್ವರ್. ಭರಮಮ್ಮ ಕಿಸಕ್ಕನೆ ನಕ್ಕು, ಕಿಟಕಿಯತ್ತ ನೋಡಿ ಬಾಯಿ ಮುಚ್ಚಿಕೊಂಡಳು.

ಗಂಗೋತ್ರಿ ಇಪ್ಪತ್ತೆಂಟರ ಹುಡುಗಿ. ಕೂರುವ ಮೊದಲೇ ಒಪ್ಪಿಸಲು ಶುರುಮಾಡಿದಳು. “ಸದರಿ ದಿನಾಂಕದಂದು ನಮ್ಮನ್ನು ಅಕ್ರಮವಾಗಿ ಕೂಡಿಹಾಕಿ, ನಾವು ಭಯಭೀತರಾಗಿ...”

“ಇದು ಅರ್ಜಿಯೊಳಗಿನ ಮಾತು. ನಿಮ್ಮ ಮಾತಿನ್ಯಾಗ ಹೇಳ್ರಿ.”

ಕಿಟಕಿಯಾಚೆ ಗಾದಿಲಿಂಗ ಕೆಮ್ಮಿದ. ಬೆಳಗ್ಗೆ ಸುಮಲತಾ ಬಂದಿಳಿದಾಗ ಎಳನೀರು ಹಿಡಿದುಕೊಂಡು ಎದುರಿಗೆ ಬಂದವನೂ ಅವನೇ. ಅವಳು ಕುಡಿದಿರಲಿಲ್ಲ.

“ಇದ ನನ್ನ ಮಾತು ರೀ” ಎಂದಳು ಗಂಗೋತ್ರಿ. ಸಹಿ ಹಾಕಿ ಎದ್ದವಳು, ಮೇಜಿನ ಮೇಲಿದ್ದ ಬೀಗ ನೋಡಿ, ತುಟಿ ಅಲುಗಿಸಿಯೂ ಅಲುಗಿಸದಂತೆ ಹೇಳಿದಳು: “ಅವತ್ತು ನಾವು ಭಾಳ ನಕ್ಕಿದ್ವಿ ಮೇಡಂ. ಅದನ್ನ ಬರಸಬ್ಯಾಡ್ರಿ.”

ಆ ದಿನ ನಡೆದದ್ದು ಇಷ್ಟು. ನಾಲ್ವರು ಗಂಡಸು ಸದಸ್ಯರು ಸಂಡೂರಿಗೆ ಮದುವೆಗೆ ಹೋಗಿದ್ದರು. ಕೋರಂಗೆ ಏಳು ಹೆಂಗಸರು ಸಾಕಿತ್ತು. ಯಾವತ್ತಿನ ಹಾಗೆ ಹೆಂಡತಿಯರು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಮನೆಗೆ ಹೋಗುವುದು, ಗಂಡಂದಿರು ಅವರ ಕುರ್ಚಿಯಲ್ಲಿ ಕೂರುವುದು ಎಂದಿತ್ತು. ಜಂಬವ್ವ ಸಹಿ ಹಾಕಿಸಿಕೊಂಡವಳೇ ಎದ್ದು ಹೋಗಿ ಬೀಗ ಹಾಕಿದಳು. ಹೊರಗುಳಿದವರಲ್ಲಿ ಮೊದಲನೆಯವನು ಅವಳ ಗಂಡ ಎರ್ರಿಯಪ್ಪ. ಒಂದೂವರೆ ಗಂಟೆ ಸಭೆ ನಡೆಯಿತು. ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತಿಗೆ ಅದಿರು ಲಾರಿಗಳು ಶಾಲೆಯ ಮುಂದೆ ಹೋಗಬಾರದು, ಮಕ್ಕಳು ದಾಟುವವರೆಗೆ ತಿರುವಿನಲ್ಲೇ ನಿಲ್ಲಬೇಕು ಎಂದು ಏಳೂ ಜನ ಕೈಯೆತ್ತಿದರು. ಆಮೇಲೆ ಭರಮಮ್ಮ ಬಿದ್ದಳು.

ಕೊನೆಗೆ ಜಂಬವ್ವ ಬಂದು ಕೂತಳು. ನಲವತ್ತರ ಆಸುಪಾಸಿನ, ಬಿಸಿಲಲ್ಲಿ ಕೆಲಸ ಮಾಡಿ ಗಟ್ಟಿಯಾದ ಮೈ. ಒಂದೊಂದೇ ಪ್ರಶ್ನೆಗೆ ಒಂದೊಂದೇ ಮಾತು. ಬೀಗ ಹಾಕಿದ್ದು ಹೌದು. ಕೀಲಿ ಚೀಲದಾಗ ಇಟ್ಟಿದ್ದು ಹೌದು. ಭರಮಮ್ಮಗ ಪೆಟ್ಟಾಗಿದ್ದು ನನ್ನಿಂದ, ಹೌದು. ಏಳನೆಯ ಪ್ರಶ್ನೆಗೆ ಬಂದಾಗ ಸುಮಲತಾ ಹಾಳೆಯಿಂದ ಕಣ್ಣೆತ್ತಿದಳು.

“ಬೀಗ ಹಾಕು ಅಂತ ನಿಮಗ ಯಾರಾದ್ರೂ ಹೇಳಿದ್ರೇನು?”

“ಯಾರೂ ಹೇಳಿಲ್ರಿ. ನಂದ ಬುದ್ಧಿ.”

“ಬೀಗ ಎಲ್ಲಿದು?”

“ಕಂಪ್ಲಿ ಸಂತ್ಯಾಗ ತಗಂಡಿದ್ನಿ.”

ಕಣ್ಣು ಮಿಟುಕಿಸದೆ ಹೇಳಿದಳು. ಸುಮಲತಾ ಕವರಿನಿಂದ ಬೀಗ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ತರಬೇತಿಯ ಕೊನೆಯ ದಿನ ಜಂಬವ್ವ, “ಮೇಡಂ, ಇದನ್ನ ನನಗ ಕೊಡ್ರಿ” ಎಂದು ಕೈಯೊಡ್ಡಿದ್ದಳು. ಸುಮಲತಾ ನಗುತ್ತಾ ಕೊಟ್ಟಿದ್ದಳು. ಕಚೇರಿಯ ಸಾಮಾನಿಗೆಲ್ಲ ನಂಬರು ಹಾಕುವ ಉಗ್ರಾಣದವರು ಆ ಬೀಗಕ್ಕೂ ಕೆಂಪು ಬಣ್ಣದಲ್ಲಿ ನಲವತ್ತೊಂದು ಎಂದು ಬರೆದಿದ್ದರು. ಈಗ ಆ ಜಾಗದಲ್ಲಿ ಬಣ್ಣವಿರಲಿಲ್ಲ. ಕಲ್ಲಿನಿಂದ ಉಜ್ಜಿ ಉಜ್ಜಿ ಕೆರೆದ ಗೆರೆಗಳು ಮಾತ್ರ ಹೊಸ ಹಿತ್ತಾಳೆಯಂತೆ ಹೊಳೆಯುತ್ತಿದ್ದವು.

ಊಟದ ಹೊತ್ತಾಯಿತೆಂದು ಈಶ್ವರ್ ಒಗ್ಗರಣಿ ಮಿರ್ಚಿ ತರಿಸಿದ. ಸುಮಲತಾ ಮುಟ್ಟಲಿಲ್ಲ. ಕೈ ತೊಳೆಯುವ ನೆಪದಲ್ಲಿ ಕಟ್ಟಡದ ಹಿಂದಿನ ನಲ್ಲಿಯ ಕಡೆ ಹೋದಳು. ಜಂಬವ್ವ ಅಲ್ಲೇ ಗೋಡೆಗೆ ಒರಗಿ ನಿಂತಿದ್ದಳು.

“ಯಾಕ ಸುಳ್ಳು ಹೇಳಿದಿ ಜಂಬವ್ವಾ?”

“ನೀವು ಹೇಳಿಕೊಟ್ಟಿದ್ದು ಅಂದ್ರ ನಿಮ್ಮನ್ನ ಬಿಡ್ತಾರೇನ್ರಿ? ತರಬೇತಿಗೆ ಬ್ಯಾರೆ ಯಾರನ್ನಾರ ಹಾಕ್ತಾರ. ಇನ್ನೊಂದು ಬ್ಯಾಚ್ ಬರ್ತೈತಲ್ಲ, ಅವ್ರಿಗೆ ಯಾರು ಹೇಳ್ತಾರ?” ನಲ್ಲಿಯಿಂದ ನೀರು ಹಿಡಿದು ಮುಖಕ್ಕೆ ಹಾಕಿಕೊಂಡಳು. “ನಂದು ಹೆಂಗೂ ಹೋಗಿದ್ದ. ಅವತ್ತಿಂದ ನೀರಿಗೆ ಹೋದ್ರ ಮಾತಾಡೋರೆಲ್ಲ ಸುಮ್ಮನಾಗ್ತಾರ. ಮೆಣಸಿನಕಾಯಿ ಬಿಡಸಾಕ ಕರಿಯಾಕ ಬರ್ತಿದ್ರು, ಈಗ ಕರಿಯಂಗಿಲ್ಲ.”

“ನಿನ್ನ ಗಂಡ?”

“ಊಟಕ್ಕ ಕುಂತ್ರ ಗಂಗಾಳ ನೋಡ್ತಾನ, ನನ್ನ ನೋಡಂಗಿಲ್ಲ. ಗಾದಿಲಿಂಗಪ್ಪನ ಲಾರಿ ಹೊಡಿಯೋನು, ಅವನ್ಯಾಕ ಮಾತಾಡಿಯಾನು? ಅವತ್ತು ಎಲ್ಲರ ಎದುರಿಗೆ ‘ತೆಗಿಲೇ’ ಅಂದ. ನಾ ತೆಗಿಲಿಲ್ಲ. ಒಂದು ತಿಂಗಳಾತು ರೀ, ಮನ್ಯಾಗ ಮನಷಾರ ಮಾತು ಕೇಳಿಲ್ಲ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಏಳು ಮಂದಿ ಕೈ ಎತ್ತಿದ್ವಿ. ಒಂದು ಲಾರೀನೂ ನಿಂತಿಲ್ಲ. ನನ್ನ ಗಂಡಂದೂ ನಿಂತಿಲ್ಲ.”

ಸುಮಲತಾಳಿಗೆ ಏನಾದರೂ ಹೇಳಬೇಕೆನಿಸಿತು. ನನ್ನ ಮನೆಯಲ್ಲೂ ಮಾತಿಲ್ಲ, ಬೆಳಗ್ಗೆ ಹಾಲಿನವನಿಗೆ ಹೇಳುವ ‘ಒಂದು ಲೋಟ’ ಎಂಬ ಮಾತೇ ಎಷ್ಟೋ ದಿನ ಮನೆಯಲ್ಲಾಡುವ ಕೊನೆಯ ಮಾತಾಗಿರುತ್ತದೆ ಎಂದು. ಬದಲಿಗೆ ನಲ್ಲಿಯತ್ತ ಕೈ ಚಾಚಿದಳು. ನಲ್ಲಿ ತೊಟ್ಟಿಕ್ಕುತ್ತಿತ್ತು. ಬಿಗಿಯಾಗಿ ತಿರುವಿದರೂ ನಿಲ್ಲಲಿಲ್ಲ.

ಒಳಗೆ ಬಂದು ಕೂತಾಗ ಈಶ್ವರ್ ಹಾಳೆಗಳನ್ನು ಜೋಡಿಸುತ್ತಿದ್ದ. ಪದ್ಧತಿಯ ಪ್ರಕಾರ ಎಲ್ಲ ಹೇಳಿಕೆಗಳನ್ನು ಎಲ್ಲರಿಗೂ ಕೇಳುವಂತೆ ಓದಿ ವಿಚಾರಣೆ ಮುಗಿಸಬೇಕು. ಬಾಗಿಲು ಪೂರ್ತಿ ತೆರೆದಿತ್ತು. ಗಂಡಸರು ಹೊಸ್ತಿಲವರೆಗೂ ಬಂದು ನಿಂತಿದ್ದರು. ಅವರ ಹಿಂದೆ ಬೇವಿನ ಮರದ ಕೆಳಗೆ ಖಾಕಿ ಅಂಗಿಯ ಎರ್ರಿಯಪ್ಪ ಲಾರಿಯ ಬಂಪರಿಗೆ ಬೆನ್ನು ಕೊಟ್ಟು ನಿಂತಿದ್ದ. ಬೆಳಗಿನಿಂದ ಅವನು ಹತ್ತಿರ ಬಂದಿರಲಿಲ್ಲ, ದೂರವೂ ಹೋಗಿರಲಿಲ್ಲ.

“ಓದಲಾ ಮೇಡಂ?”

“ತಡಿ. ಇನ್ನೊಂದು ಹೇಳಿಕಿ ಐತಿ.”

“ಯಾರದು?”

“ನಂದು.”

ಈಶ್ವರ್ ಪೆನ್ನಿನ ಮುಚ್ಚಳ ಹಾಕಿದ. ಬಗ್ಗಿ, ಸಣ್ಣ ದನಿಯಲ್ಲಿ ಹೇಳಿದ: “ಮೇಡಂ, ವಿಚಾರಣಾಧಿಕಾರಿನ ಹೇಳಿಕಿ ಕೊಟ್ರ ಈ ವಿಚಾರಣಿ ಇಲ್ಲಿಗೆ ನಿಂತಂಗ. ಬ್ಯಾರೆ ಆಫೀಸರ್ ಬರ್ತಾರ. ನಿಮಗೂ ನೋಟಿಸ್ ಬರ್ತೈತಿ. ಏಳು ತಿಂಗಳಿಗೆ ಯಾಕ್ರಿ? ಪಿಂಚಣಿ ಫೈಲ್ ಎಲ್ಲಿ ಕುಂತೀತೋ ಏನೋ.”

“ಬರಕೋ ಈಶ್ವರ್.”

ಅವಳು ಹೇಳಿದಳು, ಅವನು ಬರೆದ. ಬರೆದದ್ದನ್ನು ಕೊನೆಯಲ್ಲಿ ಅವಳೇ ಎದ್ದು ನಿಂತು ಓದಿದಳು.

“ಸಭೆಯ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ, ಕೀಲಿಯನ್ನು ತಾವೇ ಇಟ್ಟುಕೊಳ್ಳಬೇಕು ಎಂದು ಅಧ್ಯಕ್ಷೆ ಜಂಬವ್ವ ಅವರಿಗೆ ತರಬೇತಿಯಲ್ಲಿ ಹೇಳಿಕೊಟ್ಟವಳು ನಾನು. ಈ ಬೀಗ ಕಚೇರಿಯದು. ಅವರಿಗೆ ಕೊಟ್ಟವಳೂ ನಾನೇ. ನಾನು ಹೇಳಿಕೊಟ್ಟ ಹಾಲ್‌ಗೆ ಎರಡು ಬಾಗಿಲಿದ್ದವು, ಒಂದು ಯಾವಾಗಲೂ ತೆರೆದಿರುತ್ತಿತ್ತು. ಆ ಮಾತನ್ನು ನಾನು ಅವರಿಗೆ ಹೇಳಿರಲಿಲ್ಲ. ಸದಸ್ಯೆ ಭರಮಮ್ಮ ಅವರಿಗೆ ಆದ ಪೆಟ್ಟಿನಲ್ಲಿ ನನ್ನ ಪಾಲಿದೆ. ಬೀಗ ಹಾಕಿದ್ದು ಸದಸ್ಯೆಯರನ್ನು ಒಳಗೆ ಕೂಡಿಹಾಕಲು ಅಲ್ಲ, ಸದಸ್ಯರಲ್ಲದವರನ್ನು ಹೊರಗೆ ಇಡಲು.”

ಹೊಸ್ತಿಲಲ್ಲಿ ಗುಸುಗುಸು ಎದ್ದಿತು. “ನೋಡ್ರಪಾ, ಕಲಿಸಿದ ಟೀಚರ್ ತಾವ ಪರೀಕ್ಷೆ ಪೇಪರ್ ತಿದ್ದಾಕ ಬಂದಾರ” ಎಂದ ಗಾದಿಲಿಂಗ, ಎಲ್ಲರಿಗೂ ಕೇಳುವಂತೆ. ಒಂದಿಬ್ಬರು ನಕ್ಕರು. ಭರಮಮ್ಮ ಗೋಡೆಯ ಬದಿಯಿಂದ, “ಹೌದಪ್ಪ, ನೀನು ಹೆಂಡ್ತಿ ಪೇಪರ್ ಬರಿಯಂಗಿಲ್ಲೇನು?” ಎಂದಳು. ನಗೆ ನಿಂತಿತು.

ಜಂಬವ್ವ ಮಾತ್ರ ಸುಮಲತಾಳನ್ನು ನೋಡಲಿಲ್ಲ. ಸಹಿ ಹಾಕಲು ಹತ್ತಿರ ಬಂದಾಗ ಹಲ್ಲು ಕಚ್ಚಿ ಅಂದಳು, “ಎರಡು ದಿನ ಕುಂತು ಕಲ್ಲಿಂದ ತಿಕ್ಕೀನಿ ಅದನ್ನ. ಉಗುರು ಕಿತ್ತು ಬಂದಾವು. ಎಲ್ಲ ಹಾಳು ಮಾಡಿದ್ರಿ.”

ಬೀಗವನ್ನು ಕವರಿಗೆ ಹಾಕಿ ಅರಗಿನ ಮುದ್ರೆ ಒತ್ತಿದರು. ಕೀಲಿಯನ್ನು ಯಾರೂ ಕೇಳಲಿಲ್ಲ.

ಹೊಸಪೇಟೆಯ ಬಸ್ಸಿಗೆ ನಾಲ್ಕೂವರೆಯವರೆಗೆ ಕಾಯಬೇಕಿತ್ತು. ಶಾಲೆಯ ಎದುರಿನ ತಂಗುದಾಣದಲ್ಲಿ ಸುಮಲತಾ ಒಬ್ಬಳೇ ಕೂತಳು. ಕಲ್ಲುಬೆಂಚಿನ ಮೇಲೆ, ಬೇಲಿಯ ಎಲೆಗಳ ಮೇಲೆ, ಎಲ್ಲದರ ಮೇಲೂ ಕೆಂಪು ಧೂಳು ಕೂತಿತ್ತು. ಮೊಬೈಲ್ ಎರಡು ಸಲ ಬಡಿದುಕೊಂಡಿತು. ಸಾಹೇಬರ ಹೆಸರು. ಎತ್ತಿಕೊಳ್ಳದೆ ತೊಡೆಯ ಮೇಲೆ ಕವುಚಿ ಇಟ್ಟಳು. ಇನ್ನೊಂದು ಬ್ಯಾಚಿಗೆ ಬೇರೆ ಯಾರೋ ಬರುತ್ತಾರೆ. ಹಾಲ್‌ನ ಎರಡೂ ಬಾಗಿಲು ತೆರೆದಿರುತ್ತವೆ, ಗಂಡಂದಿರು ಒಳಗೆ ಬಂದು ಕೂರುತ್ತಾರೆ.

ಸ್ವಲ್ಪ ಹೊತ್ತಿಗೆ ಜಂಬವ್ವ ಬಂದಳು. ಬೆಂಚಿನ ಇನ್ನೊಂದು ತುದಿಗೆ ಕೂತಳು. ಇಬ್ಬರ ನಡುವೆ ಇನ್ನಿಬ್ಬರು ಕೂರುವಷ್ಟು ಜಾಗವಿತ್ತು. ಸಿಟ್ಟು ಇಳಿದಿರಲಿಲ್ಲ, ಆದರೂ ಸುಮಲತಾ ಎದ್ದು ಹೋಗಬಾರದೆಂಬಂತೆ ಕೂತಿದ್ದಳು. ಸೊಂಟದ ಚೀಲ ಬಿಚ್ಚಿ ಎಲೆಗೆ ಸುಣ್ಣ ಸವರಿ, ಒಂದನ್ನು ಮಡಿಸಿ ಸುಮಲತಾಳ ಕಡೆ ಚಾಚಿದಳು. ಸುಮಲತಾ ಎಲೆ ಹಾಕುವವಳಲ್ಲ. ತೆಗೆದುಕೊಂಡಳು.

ಶಾಲೆಯ ಗಂಟೆ ಹೊಡೆಯಿತು. ಗುಡ್ಡದ ಕಡೆಯಿಂದ ಅದೇ ಹೊತ್ತಿಗೆ ಲಾರಿಗಳು ಇಳಿದವು. ಮೊದಲನೆಯದು ಹಾರ್ನ್ ಒತ್ತಿಕೊಂಡೇ ಹೋಯಿತು. ಎರಡನೆಯದು ಇನ್ನೂ ಜೋರಾಗಿ. ಮಕ್ಕಳು ಗೇಟಿನ ಒಳಗೇ ನಿಂತು ಕಣ್ಣು ಮುಚ್ಚಿಕೊಂಡರು. ಜಂಬವ್ವ ಸೆರಗಿನಿಂದ ಮೂಗು ಮುಚ್ಚಿ, ಲಾರಿಯ ನಂಬರಿನ ಕಡೆ ನೋಡದೆ ನೆಲ ನೋಡುತ್ತಿದ್ದಳು.

ಮೂರನೆಯ ಲಾರಿ ತಿರುವಿನಲ್ಲಿ ನಿಂತಿತು. ಎಂಜಿನ್ ಆಫ್ ಆಯಿತು. ಧೂಳು ನಿಧಾನವಾಗಿ ಕೆಳಗಿಳಿದ ಮೇಲೆ ಗಾಜಿನ ಹಿಂದೆ ಖಾಕಿ ಅಂಗಿ ಕಂಡಿತು. ಎರ್ರಿಯಪ್ಪ ಎರಡೂ ಕೈಯನ್ನು ಸ್ಟೇರಿಂಗ್ ಮೇಲಿಟ್ಟುಕೊಂಡು ನೇರ ಮುಂದೆ ನೋಡುತ್ತಿದ್ದ. ತಂಗುದಾಣದ ಕಡೆ ತಿರುಗಲಿಲ್ಲ. ಹಿಂದಿನಿಂದ ಮತ್ತೊಂದು ಲಾರಿ ಬಂದು ಹಾರ್ನ್ ಹೊಡೆಯಿತು, ಬೈಯಿತು, ಕೊನೆಗೆ ಅದೂ ನಿಂತಿತು.

ಜಂಬವ್ವನ ದವಡೆ ಎಲೆ ಅಗಿಯುವುದನ್ನು ಮರೆತಿತ್ತು.

ಬಸ್ಸು ಬಂದಾಗ ಅವಳು ಏಳಲಿಲ್ಲ. ಸುಮಲತಾ ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯ ಗಾಜು ಸರಿಸಿದಳು. ಬಸ್ಸು ಹೊರಡುವ ಮೊದಲೇ ಮಕ್ಕಳು ಒಬ್ಬರ ಹಿಂದೊಬ್ಬರು ರಸ್ತೆ ದಾಟಿ, ಚೀಲ ಕುಣಿಸಿಕೊಂಡು ಓಣಿಗಳಲ್ಲಿ ಮರೆಯಾದರು. ಗೇಟಿಗೆ ಬೀಗ ಹಾಕಿ ಮೇಷ್ಟರೂ ಹೋದರು. ರಸ್ತೆ ಖಾಲಿಯಾಯಿತು. ಆ ಕಡೆ ತಿರುವಿನಲ್ಲಿ ಅವನು, ಈ ಕಡೆ ಬೆಂಚಿನ ತುದಿಯಲ್ಲಿ ಅವಳು.

ದಾಟುವ ಮಕ್ಕಳು ಯಾರೂ ಉಳಿದಿರಲಿಲ್ಲ. ಲಾರಿ ಇನ್ನೂ ನಿಂತೇ ಇತ್ತು.